ಅಳತೆ ರವಿಕೆ

ಹೂಂ ಕಣೇ ಕೋಮಲ, ನಿಜವಾಗ್ಲೂ, ನಮ್ಮವ್ವ ಚೂಡಿದಾರ್ ಹಾಕ್ತಾಳಂತೆ, ಯಾವ ಅವ್ವ ಅಂದ್ರೆ ನಂಗಿರೋದೇ ಒಬ್ಳು ಅವ್ವ, ನಿನ್ ದೊಡ್ಡವ್ವ, ಮಂಗಳಮ್ಮ — ಅಂತ ಯಶೋಧರಾ ಮೊಬೈಲ್‌ನ ಕಿವಿಗೂ ಭುಜಕ್ಕೂ ಮಧ್ಯ ಸಿಕ್ಕಿಸ್ಕೊಂಡು ಹೇಳ್ತಿದ್ರೆ ಆ ಕಡೆ ನರಸೀಪುರದಲ್ಲಿ ಕೋಮಲ ಕಿರುಚಿದ್ದು ಫೋನಿಲ್ದೆನೇ ನಂಜನಗೂಡಿಗೆ ಕೇಳ್ಸೋ ಹಂಗಿತ್ತು, ಸುಳ್ಳು ಹೇಳ್ಬೇಡ ಕಣೇ ಯಶು, ದೊಡ್ಡವ್ವ ನೈಟೀನೇ ಹಾಕಲ್ಲ, ಹೊದ್ದಿರೋ ಸೆರಗು ನಿದ್ದೇಲೂ ಜಾರಲ್ಲ, ಚೂಡಿದಾರಾ, ಹೂಂ ಕಣೇ ನಾನೇ ಹೊಲೀತಿರೋದು, ಇಡ್ತೀನಿ, ಸೀರೆ ಕತ್ತರಿಸ್ಬೇಕು — ಇಟ್ಟೂ ಆಯ್ತು, ಆದ್ರೂ ನಗು ನಿಲ್ತಿಲ್ಲ, ನಗ್ತಾ ಕತ್ತರಿ ಹಿಡಿದ್ರೆ ಬಟ್ಟೆ ಸೊಟ್ಟ ಹೋಗ್ತದೆ, ತಡಿ ಯಶೋಧರಾ ಉಸಿರು ತಗೋ, ನೆಲದ ಮೇಲೆ ಹಾಸಿರೋ ನೀಲಿ ಸೀರೆ, ಮೈ ತುಂಬ ಸಣ್ಣ ಬಿಳೀ ಹೂ, ಸೆರಗಿನ್ ಕಡೆ ಹರಿದು ಚಿಂದಿ, ಚಿಂದಿಗೆ ಗ್ರೀಸ್ ಮೆತ್ಕೊಂಡು ಕರೀ ಪಟ್ಟೆ, ಅದೇ ಹೋದ ಭಾನುವಾರದ ಪಟ್ಟೆ, ಸ್ಕೂಲ್ ಗ್ರೌಂಡಲ್ಲಿ ಅಪ್ಪ ಹಿಂದಿಂದ ಮೊಪೆಡ್ ಹಿಡ್ಕೊಂಡು ಓಡ್ತಿದ್ರೆ ಅವ್ವ ಬುಡ್ಬ್ಯಾಡಿ ಬುಡ್ಬ್ಯಾಡಿ ಅಂತಿದ್ಳು, ಅಪ್ಪ ಆಗ್ಲೇ ಬಿಟ್ಟಿದ್ರು, ಅವ್ವಂಗೆ ಗೊತ್ತೇ ಇಲ್ಲ, ಗೊತ್ತಾದ್ಮೇಲೆ ಅವಳು ನಕ್ಕಿದ್ದು — ಆ ನಗು ಯಶೋಧರಾ ಹುಟ್ಟಿದಾಗ್ನಿಂದ ಕೇಳಿರ್ಲಿಲ್ಲ, ಸಣ್ಣ ಹುಡ್ಗೀರು ಉಯ್ಯಾಲೇಲಿ ನಗ್ತಾರಲ್ಲ ಹಂಗೆ — ಅಷ್ಟರಲ್ಲಿ ಸೆರಗು ಹಿಂದಿನ್ ಚಕ್ರಕ್ಕೆ ಸಿಕ್ಕಿ ಪರ್ರ್ ಅಂತು, ಅವ್ವ ಮೆಲ್ಲಗೆ ಮೊಪೆಡ್ ಸಮೇತ ಮಣ್ಣಲ್ ಕೂತ್ಕೊಂಡ್ಳು, ಏಟೇನಿಲ್ಲ, ಕ್ರಿಕೆಟ್ ಆಡೋ ಹುಡುಗ್ರು ಔಟ್ ಔಟ್ ಅಂತ ಕೂಗಿದ್ರು, ಅಪ್ಪ ಧೂಳು ಕೊಡವ್ತಾ, ಸೀರೆ ಉಟ್ಕಂಡು ಇದೆಲ್ಲ ಆಗ್ದು ಬುಡು ಮಂಗ್ಳ ಅಂದ್ರು.

ಆಮೇಲೆ ವಾರ ಪೂರ್ತಿ ಅವ್ವ ಆ ಮಾತೇ ಎತ್ತಲಿಲ್ಲ, ಮೊಪೆಡ್ ಬೀದಿ ಗೋಡೆಗೆ ಒರಗಿ ನಿಂತಿತ್ತು, ಅಪ್ಪಂಗೆ ಸೆಕೆಂಡ್ ಹ್ಯಾಂಡ್ ಬೈಕ್ ಬಂದಿರೋದ್ರಿಂದ ಅದು ಯಾರಿಗೂ ಬೇಡ, ಅವ್ವಂಗೆ ಮಾತ್ರ ಬೇಕು, ತಾಂಡ್ಯದ ಫ್ಯಾಕ್ಟರೀಲಿ ಪ್ಯಾಕಿಂಗು, ಬೆಳಗಿನ್ ಶಿಫ್ಟಿಗೆ ಕತ್ತಲಲ್ಲೇ ಹೊರಡ್ಬೇಕು, ಆಟೋ ಸಿಕ್ಕಲ್ಲ, ಸಿಕ್ರೆ ಯಾರ್ದೋ ತೊಡೆ ಮೇಲೆ ಕೂರ್ಬೇಕು, ಸಿಕ್ದಿದ್ರೆ ಸರ್ಕಲ್‌ನಲ್ಲಿ ಒಬ್ಳೇ ನಿಲ್ಬೇಕು, ಅದ್ನ ಅವ್ವ ಯಾವತ್ತೂ ಹೇಳ್ಕೊಳ್ಳಲ್ಲ — ಇವತ್ತು ಬೆಳಿಗ್ಗೆ ಯಶೋಧರಾ ನೀರು ಕುಡಿಯೋಕೆ ಎದ್ರೆ ಅಡಿಗೆ ಮನೇಲಿ ಅವ್ವ ಒಲೆ ಮುಂದೆ ನಿಂತವ್ಳೆ, ಎರಡೂ ಕೈ ಮುಂದಕ್ಕೆ ಚಾಚಿ, ಗಾಳೀಲಿ ಹ್ಯಾಂಡಲ್ ಹಿಡ್ಕೊಂಡು, ಬಲಗೈ ಮಣಿಕಟ್ಟು ಒಂಚೂರೇ ತಿರುವ್ತಾ, ಬಾಯಲ್ಲಿ ಸಣ್ಣಗೆ ಡುರ್ರ್ ಅಂತಿದ್ಳು ಅನ್ಸುತ್ತೆ, ಇಲ್ಲ ಅದು ಹಾಲು ಕಾಯೋ ಸದ್ದಿರ್ಬೇಕು, ತಿರುಗಿ ಮಗಳನ್ನ ನೋಡಿ ಕೈ ಇಳ್ಸಿ ಸೆರಗಿಗೆ ಒರೆಸ್ಕೊಂಡು, ಅಮ್ಮೀ, ನಂಗೂ ನಿನ್ ತರದ್ದು ಒಂದ್ ಚೂಡಿದಾರ ಹೊಲ್ದ್‌ಕೊಟ್ಟೀಯಾ, ನಾಳೆ ಭಾನುವಾರ ನಮ್ ಫ್ಯಾಕ್ಟ್ರಿ ವಿಶಾಲಮ್ಮ ಕಲಿಸ್ತೀನಿ ಅಂದವ್ಳೆ, ಅವಳ್ಗೆ ಸ್ಕೂಟಿ ಓಡ್ಸಕ್ ಬತ್ತದೆ, ಮುಂದಿನ್ ವಾರದಿಂದ ಅವಳ್ ಶಿಫ್ಟು ಬ್ಯಾರೆ, ಆಗೋದಾದ್ರೆ ನಾಳೆನೇ, ಇಲ್ದಿದ್ರೆ ಓಗ್ಲಿ ಬುಡು, ಬ್ಯಾಡ. ಅವ್ವನ ಧೈರ್ಯ ಹಾಲು ಉಕ್ಕಿದಂಗೆ, ಕಣ್ಣೆದ್ರಿಗೆ ಮೇಲೆ ಬರ್ತದೆ, ಪಾತ್ರೆ ಹಿಡೀದಿದ್ರೆ ಅಷ್ಟೇ ಬೇಗ ಇಳಿದು ಹೋಗ್ತದೆ, ಅದಕ್ಕೇ ಇವತ್ತು ಸಂಜೆ ಒಳಗೆ, ಇವತ್ತೇ, ಇವತ್ತೇ.

ಮಾಡ್ತೀನಿ, ಯಾಕ್ ಮಾಡಲ್ಲ, ಈ ಕೈ ಏನೇನ್ ಮಾಡಿದೆ, ಅಪ್ಪನ ಹಳೇ ಪ್ಯಾಂಟಿನ ಕಾಲು ಕಾಲೇಜ್ ಬ್ಯಾಗ್ ಆಯ್ತು, ಜೇಬು ಜೇಬಾಗೇ ಉಳೀತು, ಹರಿದ ಛತ್ರಿ ಬಟ್ಟೇಲಿ ಪರ್ಸು, ಒಡೆದ ಬಳೆಗೆ ದಾರ ಸುತ್ತಿ ಓಲೆ, ಕಾಲೇಜ್ ಡೇಗೆ ಮೂರು ಸೀರೆ ಅಂಚು ಜೋಡ್ಸಿ ಹಾಕ್ಕೊಂಡು ಹೋಗಿದ್ದ ವೇಲ್ ನೋಡಿ ಕ್ಲಾಸಿನ ಸಿಂಧು ಮೈಸೂರಲ್ ಎಲ್ ತಗೊಂಡ್ಯೇ ಅಂದ್ಳು, ಅರಸು ರೋಡು ಅಂದ್ಬಿಟ್ಳು ಯಶೋಧರಾ, ನಾಲಗೆ ಕಚ್ಕೊಳ್ಳೋಕೂ ಟೈಮಿಲ್ಲ, ಅಂಗಡಿ ಹೆಸ್ರು ಹೇಳೇ ಅಂತ ಅವಳು ಈಗ್ಲೂ ಪ್ರಾಣ ತಿಂತಾಳೆ — ಪ್ಯಾಂಟಿಗೆ ಬಟ್ಟೆ ಇಲ್ಲವಲ್ಲ ಅಂತ ನೋಡ್ತಿದ್ರೆ ಅಜ್ಜಿ, ಜವರಮ್ಮಜ್ಜಿ, ಅಪ್ಪನ ಅವ್ವ, ಬದನವಾಳಿನ ಖಾದಿ ಕೇಂದ್ರದಲ್ಲಿ ವಯಸ್ಸೆಲ್ಲ ನೂಲು ತೆಗೆದೋಳು, ಬಾಗ್ಲಲ್ಲಿ ಎಲೆಅಡಿಕೆ ಹಾಕ್ತಾ ಕೂತಿದ್ಳು, ಯಶೋಧರಂಗೆ ಒಳಗೊಳಗೇ ಪುಕಪುಕ, ಸೊಸೆ ಚೂಡಿದಾರ್ ಹಾಕೋದಕ್ಕೆ ಏನಂತಾಳೋ, ಊರಿಗೆಲ್ಲ ಕೇಳೋ ಹಂಗೆ ಬಯ್ದ್ರೆ — ಅಜ್ಜಿ ಎದ್ದು ಟ್ರಂಕಿಂದ ದಪ್ಪ ಬಿಳೀ ಖಾದಿ ತುಂಡು ತಂದು ಧಪ್ ಅಂತ ಎಸೆದ್ಳು, ಇದ್ರಲ್ಲಿ ಸರಾಯಿ ಹೊಲಿ, ಚಕ್ರಕ್ಕೆ ಸಿಕ್ಕಿದ್ರೆ ಚಕ್ರವೇ ಮುರೀಬೇಕು, ಅಂಗೇ ಒಂದ್ ಜೇಬು ಮಡಗು ಕೂಸೇ, ಜೀವ್‌ಮಾನವೆಲ್ಲ ಸೊಂಟಕ್ಕೆ ಚೀಲ ಸಿಗಿಸ್ಕಂಡು ಸಾಕಾಗದೆ, ಜೇಬು ಯಾರಿಗಜ್ಜಿ ನಿಂಗಾ ಅವ್ವಂಗಾ, ಮೊದ್ಲು ಅವಳ್ಗೆ ಹೊಲಿ, ಆಮೇಲೆ ನೋಡವ, ಅಯ್ಯಯ್ಯಪ್ಪ ಅಜ್ಜೀ, ವೇಲ್ ಬೇಡ್ವಾ ಅಂದ್ರೆ, ಥೂ ಅದೂ ಒಂದ್ ಸೆರಗೇ ತಾನೇ, ಅದೂ ಚಕ್ರಕ್ಕೇ ಓಯ್ತದೆ.

ಅಳತೆ. ಅವ್ವ ಫ್ಯಾಕ್ಟರೀಲಿ, ಟೇಪ್ ಹಿಡಿಯೋಕೆ ಅವ್ವನೇ ಇಲ್ಲ, ಆದ್ರೆ ಅಳತೆ ರವಿಕೆ ಇದೆಯಲ್ಲ, ಬೀರು ಒಳಗೆ ಪ್ಲಾಸ್ಟಿಕ್ ಕವರ್‌ನಲ್ಲಿ, ಅರಿಶಿನದ ಬಣ್ಣದ್ದು, ಅವ್ವ ಪ್ರತೀ ಸಲ ಹೊಸ ರವಿಕೆ ಬಟ್ಟೆ ಜೊತೆ ಇದನ್ನ ಮಡಿಚಿ ಇಟ್ಕೊಂಡು ನರಸೀಪುರಕ್ಕೆ ಬಸ್ ಹತ್ತೋಳು, ತವರೂರಿನ ಮರಿಯಯ್ಯ ಟೇಲರ್‌ನೇ ಆಗ್ಬೇಕು, ನಂಜನಗೂಡಲ್ಲಿ ಬೀದಿಗೊಬ್ರು ಟೇಲರ್ ಇದ್ರೂ ಊಹೂಂ, ಅವನು ಹೊಲ್ದಂಗೆ ಯಾರ್ಗೂ ಬರಲ್ಲ ಅನ್ನೋಳು, ಕೊಟ್ಟು ಬರುವಾಗ ಇದೇ ಅಳತೆ ಕಣ್ ಮರಿಯಣ್ಣ ಅನ್ನೋಳು, ಯಶೋಧರಾ ಲಂಗ ಹಾಕೋ ಕಾಲದಿಂದ್ಲೂ ಕೇಳಿರೋ ಮಾತು, ಇದೇ ಅಳತೆ — ರವಿಕೇನ ಉದ್ದಕ್ಕೆ ಮಡಿಚಿ ನೀಲಿ ಬಟ್ಟೆ ಮೇಲಿಟ್ಟು ಸವೆದ ಸೋಪಿನ ಚೂರಲ್ಲಿ ಸುತ್ತ ಗೆರೆ ಎಳೆದ್ಳು, ಭುಜ, ಕಂಕುಳು, ಎದೆ, ಕೈ, ಗ್ರೀಸಾದ್ದು ಹರಿದದ್ದು, ನೆರಿಗೆ ಕಡೆ ಸವೆದು ಜಾಳಾದ್ದು ಬಿಟ್ಟು ಬಟ್ಟೆ ಕರೆಕ್ಟಾಗಿ ಅಷ್ಟೇ, ಕರ್ರ್ ಕರ್ರ್ ಕತ್ತರಿ, ಟಕಟಕಟಕ ಮಿಷನ್ನು, ಅಜ್ಜಿ ಮಿಷನ್ ಸದ್ದಿಗೆ ತಲೆ ಆಡಿಸ್ತಾ ತೂಕಡಿಸ್ತಾಳೆ, ಜೇಬು ಎಡಗಡೆ ಬೇಡ ಬಲಗಡೆ, ಇಲ್ಲ ಬಲಗೈ ಆಕ್ಸಿಲೇಟರ್ ಹಿಡೀಬೇಕು, ಎಡಗಡೆನೇ, ಟಕಟಕಟಕ, ಖಾದಿ ಪ್ಯಾಂಟು ಹೊಲಿದಿಟ್ರೆ ಅವ್ವ ಇಲ್ದೆನೇ ಅದು ತಾನೇ ಎದ್ದು ನಿಂತ್ಕೊಳ್ಳತ್ತೆ, ಟಕ್, ಮುಗೀತು, ಇನ್ನೂ ಬಿಸಿಲಿದೆ, ಗೆದ್ದೆ, ಯಶೋಧರಾ ನೀ ಸೂಪರ್ ಕಣೇ.

ಅವ್ವ ಬಂದ್ಳು, ಕಾಲು ತೊಳೆದ್ಳು, ಬಾಗ್ಲು ಹಾಕು ಅಂದ್ಳು, ಕಿಟ್ಕೀನೂ ಹಾಕು, ಪ್ಯಾಂಟ್ ಏರಿತು, ಟಾಪು ತಲೆ ಮೇಲಿಂದ ಇಳೀತು, ಇಳೀತಾ ಇಳೀತಾ ಭುಜದ ಹತ್ರ ನಿಂತ್ಬಿಡ್ತು — ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ, ನೀಲಿ ಬಟ್ಟೆ ಒಳಗೆ ಅವ್ವನ ತಲೆ, ಎರಡು ಕೈ ಮೇಲಕ್ಕೆ, ಬಸ್ಸಲ್ಲಿ ರಾಡ್ ಹಿಡ್ಕೊಂಡಂಗೆ, ಒಳಗಿಂದ ಅಮ್ಮೀ ಅಮ್ಮೀ ಉಸ್ರು ಕಟ್ತದೆ, ತಗಿ, ಅಜ್ಜಿ ಎಡಗೈ ಎಳೆದ್ಳು ಯಶೋಧರಾ ಬಲಗೈ ಎಳೆದ್ಳು, ತಗಿ ಅಂದ್ನಲ್ಲ, ನನ್ನಂತೋಳ್ಗೆ ಇದೆಲ್ಲ ಯಾಕೆ, ನಗೆಪಾಟ್ಲು, ವಿಶಾಲಮ್ಮಂಗೆ ಬರ್ಬ್ಯಾಡ ಅನ್ನು — ಹಾಲು ಇಳೀತಾ ಇದೆ, ಕಣ್ಣೆದ್ರಿಗೇ ಇಳೀತಾ ಇದೆ, ಟಾಪ್ ಬಿಡಿಸಿ ಕೈಯಲ್ಲಿ ಹಿಡ್ಕೊಂಡು ಯಶೋಧರಂಗೆ ಅಳೂನೂ ಬರ್ತಿಲ್ಲ, ಹೆಂಗಾಯ್ತು, ಅಳತೆ ರವಿಕೆ ಇಟ್ಟೇ ಕತ್ತರಿಸಿದ್ದು, ಗೆರೆ ಮೇಲೆ ಗೆರೆ, ಅವ್ವಂದೇ ರವಿಕೆ, ಅವ್ವ ಸೀರೆ ಸುತ್ಕೊಂಡು ಗೋಡೆ ಕಡೆ ತಿರುಗಿ ಕೂತವ್ಳೆ, ಕೋಮಲ ಕೋಮಲ ಎತ್ತೇ ಫೋನು, ಓಡೇ, ಬಸ್ ಸ್ಟ್ಯಾಂಡ್ ಹಿಂದೆ ಮರಿಯಯ್ಯನ್ ಅಂಗ್ಡಿ, ದೊಡ್ಡವ್ವನ ರವಿಕೆ ಅಳತೆಗೆ ಹೊಲಿದ್ರೆ ಯಾಕೇ ಆಗಲ್ಲ ಅಂತ ಕೇಳೇ, ಓಡ್ತಾ ಇದೀನಿ ಇರೇ ಚಪ್ಲಿ ಕಿತ್ತೋಯ್ತು ಅಂತ ಕೋಮಲನ ಏದುಸಿರು, ನಂಗೂ ಕೇಳ್ಸು ಅಂತ ಅಜ್ಜಿ, ಯಶೋಧರಾ ಸ್ಪೀಕರ್ ಒತ್ತಿದ್ಳು — ಒತ್ತಬಾರ್ದಿತ್ತು, ಅವ್ವ ಅಲ್ಲೇ ಇದ್ಳು.

ಅಯ್ಯೋ ಆ ಅರಿಶಿನದ ರವ್ಕೆನಾ ಕೂಸೇ, ಅಂತ ಮರಿಯಯ್ಯನ ಗಂಟ್ಲು ಮನೆ ತುಂಬ, ಅದ್ರಲ್ಲಿ ನಾನ್ಯಾವತ್ತು ಅಳ್ದಿದ್ದೀನವ್ವ, ಅದು ನಿಮ್ಮವ್ವನ ಮದ್ವೇಲಿ ನಾನೇ ಹೊಲ್ದಿದ್ದು, ಆಗ ಬಿದ್ರುಕಡ್ಡಿಯಂಗಿತ್ತು ಎಣ್ಣು, ನೀ ಹುಟ್ಟಿದ್ ಮ್ಯಾಕೆ ಬಂದು ಇದೇ ಅಳ್ತೆ ಮರಿಯಣ್ಣ ಅಂತು, ತವರಿಗ್ ಬಂದಿರೋ ಎಣ್ಮಗಳ ಮಕ ನೋಡ್ಕಂಡು ಇಲ್ಲ ಕನವ್ವ ಮೈ ಬಂದದೆ ಅನ್ನಕಾಯ್ತದಾ, ಆಯ್ತವ್ವ ಇದೇ ಅಳ್ತೆ ಅಂದೆ, ಎರಡ್ ಬೆಳ್ಳು ಜಾಸ್ತಿ ಮಡಗಿ ಹೊಲ್ದೆ, ಆಮ್ಯಾಕೆ ಇನ್ನೊಂದ್ ಬೆಳ್ಳು, ಬೆಳ್ಳು ಬೆಳ್ಳು ಸೇರಿ ಈಗ ಗೇಣಿಗ್ ಬಂದದೆ, ನಿಮ್ಮವ್ವಂಗೆ ಮಾತ್ರ ಯೋಳ್ಬ್ಯಾಡ ಕನವ್ವ — ಆಫ್ ಬಟನ್ ಎಲ್ಲಿ, ಯಶೋಧರನ ಬೆರಳು ಎಲ್ಲೆಲ್ಲೋ ಒತ್ತುತ್ತೆ, ಭೂಮಿ ಬಾಯ್ಬಿಡ್ಬಾರ್ದಾ, ಗೋಡೆ ಕಡೆ ತಿರುಗಿರೋ ಅವ್ವನ ಬೆನ್ನು ಅಲ್ಲಾಡ್ತಾ ಇದೆ, ಅಳ್ತಾವ್ಳೆ, ಅವ್ವ ಅಳ್ತಾವ್ಳೆ ಅಯ್ಯೋ — ತಿರುಗಿದ್ಳು, ಅಳ್ತಿಲ್ಲ, ಅದೇ ನಗು, ಗ್ರೌಂಡಿನ ನಗು, ಫೋನ್ ಕಿತ್ಕೊಂಡು, ಮರಿಯಣ್ಣೋ, ನಂಗೂ ಗೊತ್ತಿತ್ತು ಕಣಣ್ಣ, ಗೊತ್ತಿಲ್ದೆನಾ ಇಲ್ಲಿರೋ ಟೇಲರ್ಗಳ್ನೆಲ್ಲ ಬುಟ್ಟು ಬಸ್ ಚಾರ್ಜ್ ಕೊಟ್ಕಂಡು ನಿನ್ನತ್ರಕ್ ಬತ್ತಿದ್ದೆ, ಆ ಕಡೆ ಮರಿಯಯ್ಯ ಆ ಅಂದೋನು ಆ ಅಂತಾನೇ ಇದ್ದ, ಅಜ್ಜಿ ಎಲೆಅಡಿಕೆ ನೆತ್ತಿಗೇರೋ ಹಂಗೆ ನಕ್ಕು, ನಂಗೂ ಗೊತ್ತಿತ್ತು ಬುಡು ಅಂದ್ಳು, ಎಲ್ರಿಗೂ ಗೊತ್ತಿತ್ತು, ಯಶೋಧರಂಗೊಬ್ಳಿಗೇ ಗೊತ್ತಿರ್ಲಿಲ್ಲ, ಡಿಗ್ರಿ ಓದ್ತಾಳೆ ಗೂಬೆ.

ನಕ್ಕಿದ್ದಾಯ್ತು, ಈಗ ಬಟ್ಟೆ, ಪಕ್ಕ ಬಿಚ್ಚಿ ಪಟ್ಟಿ ಕೊಟ್ರೆ ಆಗುತ್ತೆ, ಆದ್ರೆ ನೀಲಿ ಉಳಿದಿರೋದು ಬರೀ ಗ್ರೀಸು, ಜಾಳು, ಖಾದೀನೂ ಮುಗೀತು, ಅಂಗ್ಡಿಗೆ ಹೋಗ್ಲಾ ಅಂತ ಯಶೋಧರಾ ಅನ್ನೋಷ್ಟರಲ್ಲಿ ಅವ್ವ ಅಳತೆ ರವಿಕೆ ಎತ್ಕೊಂಡ್ಳು, ಮುಖದ ಹತ್ರ ಹಿಡಿದು ಮೂಸಿದ್ಳು, ಬೀರು ವಾಸ್ನೆ, ನುಸಿಗುಳಿಗೆ, ಹದಿನೇಳು ವರ್ಷದ ಮಂಗಳ ಹೆಂಗಿದ್ಳೋ, ಬಿದಿರುಕಡ್ಡಿ, ಇವಳ್ ಹೆಸ್ರಲ್ಲಿ ಇಷ್ಟ್ ವರ್ಷ ಬಸ್ ಹತ್ತಿದ್ನಲ್ಲ ಅಂತ ಅಂದ್ಕೊಂಡ್ಳೋ ಏನೋ, ಇದ್ನೇ ಹಾಕಮ್ಮಿ ಅಂದ್ಳು, ಅವ್ವಾ ಅದು ನಿನ್ ಮದ್ವೇದು, ಹೂಂ ಅದ್ಕೇ, ಕೊಡಿಲ್ಲಿ ಕತ್ತರೀನ — ಅವ್ವ ತಾನೇ ರವಿಕೆ ಬೆನ್ನಿನ ನಡುಮಧ್ಯಕ್ಕೆ ಕರ್ರ್ ಅಂತ ಒಂದೇ ಕಚ್ಚು, ಮಿಕ್ಕಿದ್ದು ನೀ ನೋಡ್ಕೋ. ಬೆನ್ನಿಂದ ಎರಡು ಪಟ್ಟಿ, ಕೈಯಿಂದ ಎರಡು ಪಟ್ಟಿ, ಸೊಂಟದಿಂದ ಹೊರಟು ಕಂಕುಳು ದಾಟಿ ತೋಳಿನ ಒಳಗಿನ್ತನಕ, ಟಕಟಕಟಕ, ನೀಲಿ ಪಕ್ಕದಲ್ಲಿ ಅರಿಶಿನ, ಬೇಕಂತ ಹುಡುಕಿದ್ರೂ ಇಂಥ ಕಲರ್ ಸಿಕ್ತಿರ್ಲಿಲ್ಲ, ಸಿಂಧು ನೋಡಿದ್ರೆ ಅರಸು ರೋಡಲ್ಲಿ ಅಂಗ್ಡಿ ಅಂಗ್ಡಿ ತಿರುಗ್ತಾಳೆ, ತಗೋ ಅವ್ವ, ಇಳೀತು, ಭುಜ ದಾಟ್ತು, ಎದೆ ದಾಟ್ತು, ಸೊಂಟಕ್ಕೆ ಬಂದು ಸುಮ್ನೆ ನಿಂತ್ಕೊಳ್ತು, ಉಸ್ರು ಬಿಡವ್ವ, ಬಿಟ್ಟೆ ಕಣಮ್ಮಿ, ಕನ್ನಡೀಲಿ ನೋಡ್ಕೊಂಡು ಅವ್ವ ಜೇಬಿಗೆ ಕೈ ಹಾಕಿದ್ಳು, ತೆಗೆದ್ಳು, ಮತ್ತೆ ಹಾಕಿದ್ಳು, ಬಾಗ್ಲು ತಗಿ ಅಂದ್ಳು, ಕಿಟ್ಕೀನೂ ತಗಿ — ಅಷ್ಟರಲ್ಲಿ ಫೋನು, ವಿಶಾಲಮ್ಮ, ಏನೇ ಮಂಗ್ಳ, ಬೆಳಿಗ್ಗೆ ಏಳಕ್ಕೆ ಸ್ಕೂಲ್ ಗ್ರೌಂಡತ್ರ ಬಂದ್ಬುಡು, ಬತ್ತೀಯೋ ಇಲ್ಲ ಇನ್ನೊಂದ್ ಸಲ ಸೆರಗು ಸಿಗಾಕಸ್ಕೊಂಡೀಯೋ, ಸೆರಗೇ ಇಲ್ಲ ಕಣ್ ಬಾ ಅಂದ್ಳು ಅವ್ವ, ಆ, ಸೆರಗಿಲ್ವಾ, ಏನ್ಲೇ ಅಂದೆ, ಏಳಕ್ಕೆ ಬತ್ತೀಯಲ್ಲ, ಬಾ, ನೋಡೀಯಂತೆ, ಇಟ್ಳು, ಬೀದೀಲಿ ಮೊಪೆಡ್ ಗೋಡೆಗೊರಗಿ ನಿಂತಿದೆ, ಅವ್ವ ಅಲ್ಲಿಗೆ ಹೋಗ್ಲಿಲ್ಲ, ಹೊಸಿಲ ಮೇಲೇ ನಿಂತ್ಕೊಂಡ್ಳು, ಕೋಮಲಂಗೆ ಫೋನ್ ಮಾಡ್ಬೇಕು, ಅಜ್ಜಿಗೂ ಒಂದು ಟಾಪ್ ಹೊಲೀಬೇಕು, ಬೆಳಿಗ್ಗೆ ಬೇಗ ಏಳ್ಬೇಕು, ಏನೇನೋ ಯೋಚ್ನೆ ಬರ್ತಿತ್ತು ಯಶೋಧರಂಗೆ, ಎಲ್ಲ ಅಲ್ಲೇ ನಿಂತ್ಹೋಯ್ತು — ಅವ್ವನ ಎರಡೂ ಕೈ ಮೆಲ್ಲಗೆ ಮುಂದಕ್ಕೆ, ಗಾಳೀಲಿ ಹ್ಯಾಂಡಲ್ಲು, ಬಲಗೈ ಮಣಿಕಟ್ಟು ಒಂಚೂರೇ ತಿರುಗ್ತು, ತೋಳಿನ ಕೆಳಗೆ ಅರಿಶಿನದ ಬಣ್ಣ ಅಗಲವಾಗಿ ಬಿಚ್ಕೊಳ್ತು —