ಹನ್ನೊಂದನೇ ಪುಟದ ಬೀಗ

ಲಿಫ್ಟ್ ತಪಾಸಣೆಯ ಆ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ವರದಿ ಬರೆದವರು ಕಚೇರಿಯಲ್ಲೇ ಕೂರಬೇಕು, ವರದಿ ಮಾತ್ರ ಹೋಗಬೇಕು. ತರಬೇತಿಯಲ್ಲಿರುವ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೈಯಲ್ಲಿ ಹಿಡಿದು ಅದೇ ಕಟ್ಟಡಕ್ಕೆ ಹೋಗಿ, ಮೊದಲ ಸಾಲಿನಿಂದ ಶುರುಮಾಡಿ ಅದು ಕರೆದ ಕಡೆಗೆಲ್ಲ ನಡೆದು, ತೋರಿಸಿದ್ದನ್ನೆಲ್ಲ ನೋಡಿ ಬರಬೇಕು. ಬಂದಮೇಲೆ ಒಂದು ಪುಟ ಅಭಿಪ್ರಾಯ ಬರೆದು, ಕೆಳಗೆ ‘ಒಪ್ಪಿದೆ’ ಅಥವಾ ‘ವಾಪಸ್’ ಎಂದು ಸಹಿ ಹಾಕಬೇಕು. ಅಲ್ಲಿಯವರೆಗೆ ಬರೆದವರು ಓದುವವರಿಗೆ ಒಂದಕ್ಷರವನ್ನೂ ವಿವರಿಸುವಂತಿಲ್ಲ. ವಾಪಸ್ ಬಿದ್ದರೂ ಅವತ್ತೇ ಸಂಜೆ ಕಚೇರಿ ಬಾಗಿಲು ಹಾಕುವುದರೊಳಗೆ ತಿದ್ದಿಕೊಟ್ಟು, ಅದೇ ಓದುಗನನ್ನು ಇನ್ನೊಮ್ಮೆ ಕಳಿಸಬಹುದು. ಆದರೆ ಹಾಗೆ ಅರ್ಧ ದಿನದಲ್ಲಿ ತಿದ್ದಿ ಗೆದ್ದವರನ್ನು ಯಾರೂ ಕಂಡಿರಲಿಲ್ಲ.

“ನಿಮ್ಮ ವರದಿ ಹೋದ ಕಡೆಗೆಲ್ಲ ನೀವೂ ಹಿಂದೆ ಹಿಂದೆ ಹೋಗೋಕಾಗಲ್ಲ ಕಣ್ರೀ. ಮಗಳನ್ನ ಓದೋಕೆ ಬೇರೆ ಊರಿಗೆ ಕಳಿಸಿದ ಹಾಗೆ ಅದು. ಹೇಳೋದನ್ನೆಲ್ಲ ಕಳಿಸೋ ಮುಂಚೆನೇ ಹೇಳಿರಬೇಕು,” ಎನ್ನುತ್ತಿದ್ದರು ತರಬೇತಿ ನೋಡಿಕೊಳ್ಳುತ್ತಿದ್ದ ಮೇಡಂ.

ತರಬೇತಿಯ ಗುಂಪಿನಲ್ಲಿದ್ದ ಅವಳಿಗೆ ಈ ಮಾತು ಬಾಯಿಪಾಠವಾಗಿತ್ತು. ಹೇಳುವುದನ್ನೆಲ್ಲ ಮುಂಚೆಯೇ ಹೇಳಿಬಿಡುವುದರಲ್ಲಿ ಅವಳನ್ನು ಮೀರಿಸುವವರು ಯಾರಿದ್ದರು? ತೊಂದರೆಯಿದ್ದದ್ದು ಆ ‘ಎಲ್ಲ’ದಲ್ಲೇ.

ತರಬೇತಿಗೆ ಬರುವ ಮುಂಚೆ ಅವಳು ಅದೇ ಕಚೇರಿಯ ಕೌಂಟರಿನಲ್ಲಿ ಕೂತು ಅರ್ಜಿ ತೆಗೆದುಕೊಂಡು ಮುದ್ರೆ ಒತ್ತುತ್ತಿದ್ದಳು. ಕಿಂಡಿಯ ಆಚೆಗಿನವರು ಮಾತೆತ್ತಿದರೆ “ನೀವು ಮೊದಲೇ ಹೇಳಲಿಲ್ಲ” ಎಂದು ಜಗಳ ತೆಗೆಯುತ್ತಿದ್ದರು. ಆ ಒಂದು ಮಾತಿನ ಭಯಕ್ಕೆ ಅವಳು ಕೇಳಿದ್ದಕ್ಕೆ ಎರಡರಷ್ಟು ಹೇಳುವುದನ್ನು ಕಲಿತಳು. ಎಲ್ಲವನ್ನೂ ಹೇಳಿ, ಹೇಳಿದ್ದು ತಪ್ಪಾಗಿದ್ದರೆ ಎಂಬ ಇನ್ನೊಂದು ಭಯಕ್ಕೆ, ಪ್ರತಿಯೊಂದಕ್ಕೂ ‘ಇರಬಹುದು’, ‘ಎಂದು ತೋರುತ್ತದೆ’ ಸೇರಿಸುವುದನ್ನೂ ಕಲಿತಳು. ಹೀಗಾಗಿ ಅವಳ ವರದಿಗಳು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿರುತ್ತಿದ್ದವು, ದೀಪಗಳೂ ಒಂದೆರಡಲ್ಲ.

ಮನೆಯಲ್ಲಿ ಇದು ಹಳೆಯ ತಮಾಷೆ. ಒಮ್ಮೆ ಅಡುಗೆಮನೆಯ ನಲ್ಲಿ ಮುರಿದು ನೀರು ಚಿಮ್ಮುತ್ತಿದ್ದಾಗ ಅವಳು ಗಂಡನಿಗೆ ಫೋನ್ ಮಾಡಿ, “ನೀವು ಹೋದಮೇಲೆ ಪಾತ್ರೆ ತೊಳೆಯೋಣ ಅಂತ ಹೋದೆ, ಸೋಪು ಮುಗಿದಿತ್ತು...” ಎಂದು ಶುರುಮಾಡಿದಳು. ಮಾತು ನಲ್ಲಿಗೆ ಬರುವಷ್ಟರಲ್ಲಿ ನೀರು ನಡುಮನೆಗೆ ಬಂದಿತ್ತು. ಅಂದಿನಿಂದ ಗಂಡ ಫೋನ್ ಎತ್ತಿದರೆ ಮೊದಲು ಕೇಳುವುದು ಒಂದೇ: “ಎಲ್ಲರೂ ಬದುಕಿದೀರಾ? ಹಾಗಾದ್ರೆ ನಿಧಾನವಾಗಿ ಹೇಳು.”

ಅವಳ ಎರಡು ವರದಿಗಳು ಆಗಲೇ ವಾಪಸ್ ಬಂದಿದ್ದವು. ಮೂರನೆಯದೂ ವಾಪಸ್ಸಾಗಿ ಹಾಗೇ ಉಳಿದರೆ ಮತ್ತೆ ಕೌಂಟರು, ಮತ್ತೆ ಕಿಂಡಿ, ಮತ್ತೆ ಮುದ್ರೆ. ಮೇಡಂ ಇದನ್ನು ಗದರಿ ಹೇಳಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಬಿಸ್ಕತ್ತಿನ ಡಬ್ಬಿ ಮುಂದಿಟ್ಟು ಹೇಳಿದರು. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

“ನಿಮ್ಮಷ್ಟು ಚೆನ್ನಾಗಿ ನೋಡೋರು ಈ ಗುಂಪಲ್ಲಿ ಇನ್ನೊಬ್ಬರಿಲ್ಲ. ಆದ್ರೆ ಲಿಫ್ಟ್ ಮುಂದೆ ನಿಂತವನನ್ನ ಸ್ವಲ್ಪ ನೆನೆಸಿಕೊಳ್ಳಿ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ನಿಮ್ಮ ವರದಿ. ಪುಟ ತಿರುಗಿಸೋಕೆ ಮೂರನೇ ಕೈ ಎಲ್ಲಿಂದ ತರ್ತಾನೆ?”

ಅವಳು ತಲೆಯಾಡಿಸಿ ಒಂದು ಬಿಸ್ಕತ್ತು ತೆಗೆದುಕೊಂಡಳು. ತಿನ್ನಲು ಆಗಲಿಲ್ಲ. ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡಳು.

ಈ ಸಲ ಅವಳ ವರದಿಯನ್ನು ಓದುವವನು ‘ಅರ್ಧಸಾಲು’. ಅವನಿಗೆ ಆ ಹೆಸರು ಬಂದದ್ದು ಅವನ ಮೊದಲ ವರದಿಯಿಂದ. ಅದರಲ್ಲಿದ್ದದ್ದು ಇಷ್ಟೇ: ‘ಲಿಫ್ಟ್ ಸರಿಯಿಲ್ಲ, ನೋಡಿ.’ ಅವಳಿಗಿಂತ ಚಿಕ್ಕವನು, ಬಾಯಿ ತೆರೆದರೆ ಪಟಪಟ ಹರಳು ಹುರಿದಂತೆ ಮಾತಾಡುವವನು, ಪೆನ್ನು ಹಿಡಿದರೆ ಮಾತ್ರ ಕೈಗೆ ಲಕ್ವ ಹೊಡೆದವನಂತೆ ಆಗಿಬಿಡುತ್ತಿದ್ದ. ಅವನ ವರದಿಗಳನ್ನು ಓದುವ ಪಾಳಿ ಅವಳದಾಗಿತ್ತು. ‘ಸರಿಯಿಲ್ಲ ಎಂದರೆ ಏನು? ಬಾಗಿಲೋ, ಗುಂಡಿಯೋ, ಹಗ್ಗವೋ? ಯಾವ ಮಹಡಿ? ನೋಡಿದವರು ಏನು ಮಾಡಬೇಕು?’ ಎಂದು ಅವಳು ಅಭಿಪ್ರಾಯದ ಪುಟದ ಅಂಚಿನವರೆಗೂ ಪ್ರಶ್ನೆ ತುಂಬಿ ಕೊಟ್ಟಿದ್ದಳು. ಮುಂದಿನ ಸಲದ ವರದಿಯಲ್ಲಿ ಅವನು ಗೊಣಗುತ್ತ ಒಂದೊಂದಕ್ಕೂ ಉತ್ತರ ಬರೆದ. ಬರೆದು ಮುಗಿಸಿದಾಗ ಅದೇ ಒಂದು ಒಳ್ಳೆಯ ವರದಿಯಾಗಿತ್ತು. ಹಾಗೆ ಅವನು ಪಾಸಾದ.

“ನಿಮ್ಮ ಋಣ ತೀರಿಸ್ತೀನಿ ಅಕ್ಕ,” ಎಂದಿದ್ದ. “ನೀವು ಏನೇ ಬರೆದಿರಲಿ, ನಾನು ಕಣ್ಣು ಮುಚ್ಕೊಂಡು ‘ಒಪ್ಪಿದೆ’ ಅಂತ ಗೀಚಿಬಿಡ್ತೀನಿ.”

“ಕಣ್ಣು ಮುಚ್ಕೊಂಡು ಓದೋಕೆ ಅಂತ ನಾನು ಬರೀತೀನೇನೋ?” ಎಂದು ಅವಳು ರೇಗಿದಳು. ಆದರೆ ಆ ರಾತ್ರಿ, ಅವನು ನಿಜಕ್ಕೂ ಹಾಗೆ ಗೀಚಿಬಿಟ್ಟರೆ ಎಷ್ಟು ಚೆನ್ನ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ತರಬೇತಿಗೆಂದು ಇಟ್ಟುಕೊಂಡಿದ್ದ ಕಟ್ಟಡ ಕಚೇರಿಯ ಹಿಂದಿನ ಬೀದಿಯಲ್ಲಿತ್ತು. ಹಿಂದೆ ಹಾಸ್ಟೆಲ್ಲಾಗಿದ್ದ ಐದು ಮಹಡಿಯ ಕಟ್ಟಡ. ಈಗ ಕೆಳಗಿನ ಕಾವಲುಗಾರನನ್ನು ಬಿಟ್ಟರೆ ಯಾರೂ ಇರಲಿಲ್ಲ. ಪ್ರತಿ ಸಲ ಮೇಡಂ ಮತ್ತು ಮೆಕ್ಯಾನಿಕ್ ಸೇರಿ ಅಲ್ಲಿನ ಲಿಫ್ಟಿನಲ್ಲಿ ಏನಾದರೂ ಒಂದು ದೋಷ ಮಾಡಿಡುತ್ತಿದ್ದರು. ಪ್ರಾಣಕ್ಕೆ ಕುತ್ತು ಬರುವಂಥದ್ದಲ್ಲ, ಮಾನಕ್ಕೆ ಬರುವಂಥದ್ದು.

ಅವಳು ಆ ಲಿಫ್ಟನ್ನು ಹೊಸ ಸೊಸೆ ಅತ್ತೆಯ ಮುಖ ನೋಡುವ ಹಾಗೆ ನೋಡಿದಳು. ಕನ್ನಡಿಯ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು. ಐದರ ಗುಂಡಿಯಲ್ಲಿ ಅಂಕಿ ಅಳಿಸಿದೆ. ಫ್ಯಾನು ತಿರುಗುವಾಗ ಟಕ್ ಎನ್ನುತ್ತದೆ. ನೆಲದ ರಬ್ಬರು ಬಾಗಿಲ ಬಳಿ ಎದ್ದಿದೆ. ಮೂರನೇ ಮಹಡಿಯವರೆಗೆ ಲಿಫ್ಟಿನಲ್ಲೇ ಹೋಗಿ, ಅಲ್ಲಿಂದ ಯಾಕೋ ಧೈರ್ಯ ಸಾಲದೆ ಮೆಟ್ಟಿಲು ಹತ್ತಿ ನಾಲ್ಕನೇ ಮಹಡಿಗೆ ಹೋಗಿ ಹೊರಬಾಗಿಲನ್ನು ಎಳೆದು ನೋಡಿದಳು. ಬಾಗಿಲು ಬೆರಳಗಲ ಸರಿಯಿತು. ಬೀಗ ಸಡಿಲ. ಬಾಗಿಲು ಸರಿಯಾಗಿ ಬೀಗ ಹಾಕಿಕೊಂಡಿಲ್ಲ ಎಂದು ಯಂತ್ರಕ್ಕೆ ಅನ್ನಿಸಿದರೆ ಅದು ನಿಂತಲ್ಲೇ ನಿಂತುಬಿಡುತ್ತದೆ. ಅವಳಿಗೆ ಅದು ತಕ್ಷಣ ಗೊತ್ತಾಯಿತು. ಇದೇ ಆ ದೋಷ ಎಂದೂ ಗೊತ್ತಾಯಿತು. ಮೊಣಕಾಲಿನ ಮೇಲೆ ಹಲಗೆಯಿಟ್ಟುಕೊಂಡು, ಮೆಟ್ಟಿಲಿನ ಮೇಲೇ ಕೂತು ಟಿಪ್ಪಣಿ ಮಾಡಿಕೊಂಡಳು.

ವರದಿಯನ್ನು ಮನೆಯ ಊಟದ ಮೇಜಿನ ಮೇಲೆ ಬರೆದಳು. ಶಿಸ್ತಾಗಿ, ಹೊಕ್ಕ ಬಾಗಿಲಿನಿಂದ ಶುರುಮಾಡಿ, ಕಂಡ ಕ್ರಮದಲ್ಲೇ. ಒಂದನ್ನೂ ಬಿಡಲಿಲ್ಲ. ಮಗಳು ಪಕ್ಕದಲ್ಲಿ ಲೆಕ್ಕ ಮಾಡುತ್ತಿದ್ದವಳು ಹಾಳೆಗಳ ರಾಶಿ ನೋಡಿ, “ಅಮ್ಮ, ಲಿಫ್ಟಿಗೆ ಜಾತಕ ಬರೀತಿದೀಯಾ?” ಎಂದಳು.

ಓದುವ ದಿನ ಬಂತು. ಅರ್ಧಸಾಲು ವರದಿಯನ್ನು ಕೈಯಲ್ಲಿ ತೂಗಿ ನೋಡಿ, “ಅಬ್ಬಬ್ಬಾ, ಇದನ್ನ ಹೊತ್ಕೊಂಡು ಹೋದ್ರೆ ಲಿಫ್ಟಿಗೆ ಭಾರ ಜಾಸ್ತಿಯಾಗಲ್ವಾ?” ಎಂದು ಕಣ್ಣು ಮಿಟುಕಿಸಿ ಹೊರಟ. ಊಟದ ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟಿದ್ದ. ಬೇಗ ಬರುತ್ತೇನೆ ಎಂಬ ಭರವಸೆ.

ಊಟದ ಹೊತ್ತಾದರೂ ಅವನು ಬರಲಿಲ್ಲ. ಅವಳು ಬಾಗಿಲನ್ನೂ ಡಬ್ಬಿಯನ್ನೂ ಸರದಿಯ ಮೇಲೆ ನೋಡುತ್ತ ಕೂತಳು. ಕೊನೆಗೆ ಫೋನ್ ಬಂತು.

“ಅಕ್ಕ, ಮಾತಾಡಬೇಡಿ,” ಎಂದ ಅವನು. ದನಿ ಡಬ್ಬಿಯೊಳಗಿಂದ ಬಂದಂತಿತ್ತು. “ನೀವು ಬರೆದೋರು, ನಾನು ಓದೋನು. ಮಾತಾಡಿದ್ರೆ ವರದಿ ರದ್ದಾಗತ್ತೆ. ಹ್ಞೂಂ ಅಂತಾನೂ ಅನ್ಬೇಡಿ. ಸುಮ್ಮನೆ ಕೇಳಿಸ್ಕೊಳ್ಳಿ. ಒಬ್ಬನೇ ಇದೀನಿ, ಬೇಜಾರು.”

ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

“ನೀವು ಬರೆದ ಹಾಗೇ ಮಾಡ್ದೆ. ‘ನೆಲಮಹಡಿಯಲ್ಲಿ ಲಿಫ್ಟಿನೊಳಗೆ ಪ್ರವೇಶಿಸಿದಾಗ’ ಅಂತಿತ್ತು, ಪ್ರವೇಶಿಸ್ದೆ. ಕನ್ನಡಿ ಬಿರುಕು ನೋಡ್ದೆ. ‘ಐದರ ಗುಂಡಿಯ ಅಂಕಿ ಅಳಿಸಿರುವಂತೆ ತೋರುತ್ತದೆ, ಗುಂಡಿ ಕೆಲಸ ಮಾಡುತ್ತಿರಬಹುದು’ ಅಂತಿತ್ತು. ಮಾಡುತ್ತೋ ಇಲ್ವೋ ನೋಡೋಣ ಅಂತ ಒತ್ತಿದೆ. ಮಾಡ್ತು ಅಕ್ಕ, ಚೆನ್ನಾಗೇ ಮಾಡ್ತು. ಮೂರು ದಾಟಿ ಗಕ್ ಅಂತ ನಿಂತುಬಿಡ್ತು.”

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಹಿಡಿದಳು.

“ಗಂಟೆ ಬಾರಿಸಿ ಬಾರಿಸಿ ಸಾಕಾಯ್ತು, ಕಾವಲುಗಾರ ಊಟಕ್ಕೆ ಹೋಗಿರ್ಬೇಕು. ದೀಪ ಬೇರೆ ಆರಿಹೋಯ್ತು. ಸರಿ, ಬೇರೇನು ಕೆಲಸ ಅಂತ ಟಾರ್ಚ್ ಹಾಕ್ಕೊಂಡು ಓದ್ತಾ ಇದೀನಿ. ಫ್ಯಾನು ಇನ್ನೂ ತಿರುಗ್ತಿದೆ, ನಿಜಕ್ಕೂ ಟಕ್ ಅನ್ನತ್ತೆ, ನಿಮ್ಮ ಕಿವಿಗೆ ದೊಡ್ಡ ನಮಸ್ಕಾರ. ಒಂಬತ್ತನೇ ಪುಟ, ರಬ್ಬರು. ಹತ್ತನೇ ಪುಟ, ದೀಪದ ಗಾಜಿನಲ್ಲಿ ಸತ್ತ ಹುಳ. ಇದೆ, ಪಾಪ. ಹನ್ನೊಂದನೇ ಪುಟ...” ಅವನು ಓದತೊಡಗಿದ. “‘ನಾಲ್ಕನೇ ಮಹಡಿಯ ಹೊರಬಾಗಿಲಿನ ಬೀಗವು ಕೊಂಚ ಸಡಿಲವಾಗಿರುವಂತೆ ಭಾಸವಾಗಿದ್ದು, ಇದರಿಂದ ಲಿಫ್ಟು ಮೂರು ಮತ್ತು ನಾಲ್ಕನೇ ಮಹಡಿಗಳ ನಡುವೆ ನಿಲ್ಲುವ ಸಾಧ್ಯತೆಯನ್ನು ತಳ್ಳಿಹಾಕಲಾಗದಿರಬಹುದು...’”

ಮಾತು ನಿಂತಿತು. ಆಮೇಲೆ ಅವನು ನಗಲು ಶುರುಮಾಡಿದ. ಲಿಫ್ಟಿನ ತಗಡಿನ ಗೋಡೆಗಳೆಲ್ಲ ಸೇರಿ ನಕ್ಕಂತೆ ಕೇಳಿಸಿತು.

“ಅಕ್ಕ, ಖಂಡಿತ ತಳ್ಳಿಹಾಕೋಕಾಗಲ್ಲ. ನಾನೇ ಸಾಕ್ಷಿ.”

ಅವಳ ಕಿವಿಯಲ್ಲಿದ್ದದ್ದು ತನ್ನದೇ ವಾಕ್ಯ. ಬರೆಯುವಾಗ ಅದು ಎಷ್ಟು ಎಚ್ಚರಿಕೆಯ ಮಾತಾಗಿ ಕಂಡಿತ್ತು! ಈಗ ಕತ್ತಲ ಪೆಟ್ಟಿಗೆಯಲ್ಲಿ ಹಸಿದು ನಿಂತವನ ಬಾಯಲ್ಲಿ ಕೇಳಿದರೆ, ಮನೆಗೆ ಬೆಂಕಿ ಬಿದ್ದಾಗ ಬಂದವರಿಗೆ ಕೂರಲು ಚಾಪೆ ಹುಡುಕಿದ ಹಾಗಿತ್ತು. ಅವಳು ಫೋನನ್ನು ಮೇಜಿನ ಮೇಲಿಟ್ಟು ಎದ್ದಳು. ಎರಡೇ ಹೆಜ್ಜೆಗೆ ಮೇಡಂ ಕೋಣೆ ಸೇರಿದಂತೆ ಅನ್ನಿಸಿತು. ಬಾಗಿಲು ತಟ್ಟಲೂ ಇಲ್ಲ.

“ಮೇಡಂ, ಅರ್ಧಸಾಲು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದಾನೆ, ಮೂರು ನಾಲ್ಕರ ಮಧ್ಯೆ. ನಾಲ್ಕನೇ ಮಹಡಿ ಬಾಗಿಲಿನ ಬೀಗ ಸಡಿಲ. ಮೆಕ್ಯಾನಿಕ್‌ನ ಈಗಲೇ ಕಳಿಸಿ.”

ಮೇಡಂ ಫೋನೆತ್ತಿ ಮೆಕ್ಯಾನಿಕ್‌ಗೆ ಹೇಳಿದರು. ಹೇಳಿ, ಫೋನಿಟ್ಟು, ಕನ್ನಡಕ ತೆಗೆದು ಅವಳನ್ನೇ ನೋಡಿದರು.

“ಇನ್ನೊಂದ್ಸಲ ಹೇಳಿ.”

“ಅರ್ಧಸಾಲು ಲಿಫ್ಟಲ್ಲಿ...”

“ಅವನಿಗೇನೂ ಆಗಲ್ಲ ಬಿಡ್ರೀ. ಈಗ ಹೇಳಿದಿರಲ್ಲ, ಇಷ್ಟು ದಿನ ಈ ಮಾತನ್ನ ಎಲ್ಲಿ ಬಚ್ಚಿಟ್ಟಿದ್ರಿ? ಯಾರು, ಎಲ್ಲಿ, ಯಾಕೆ, ಏನು ಮಾಡಬೇಕು. ಒಂದು ‘ಇರಬಹುದು’ ಇಲ್ಲ.”

“ಅವನು ಒಳಗಿದ್ದ ಮೇಡಂ. ‘ಇರಬಹುದು’ ಅನ್ನೋಕೆ ಪುರುಸೊತ್ತಿರಲಿಲ್ಲ.”

“ಓದೋನು ಯಾವಾಗಲೂ ಒಳಗೇ ಇರ್ತಾನೆ,” ಎಂದರು ಮೇಡಂ.

ಮೆಕ್ಯಾನಿಕ್ ಮೇಲಿನ ಯಂತ್ರದ ಕೋಣೆಗೆ ಹೋಗಿ, ಕೈಯಿಂದ ಚಕ್ರ ತಿರುಗಿಸಿ ಲಿಫ್ಟನ್ನು ಮೂರನೇ ಮಹಡಿಗೆ ಇಳಿಸಿದ. ಅರ್ಧಸಾಲು ಬೆವರಿನಲ್ಲಿ ತೊಯ್ದು ಬಂದವನು ಮೊದಲು ಡಬ್ಬಿ ತೆರೆದ. ಅವಳು ಅಷ್ಟರಲ್ಲಿ ನೀರು ತಂದಿಟ್ಟಿದ್ದಳು. ತಿನ್ನುತ್ತಲೇ ಒಂದು ಹಾಳೆಯನ್ನು ಅವಳತ್ತ ತಳ್ಳಿ, ಮುಖ ಆಚೆ ತಿರುಗಿಸಿದ. ಲಿಫ್ಟಿನ ಗೋಡೆಗೆ ಒತ್ತಿಕೊಂಡು ಬರೆದದ್ದು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು.

‘ವರದಿಯಲ್ಲಿ ಹೇಳಿದ ಎಲ್ಲವೂ ಇದೆ. ನನಗೆ ಸಮಯವಿತ್ತು, ಎರಡೆರಡು ಸಲ ನೋಡಿದೆ. ಹುಳವೂ ಇದೆ. ಬರೆದವರ ಕಣ್ಣಿಗೆ ಬೀಳದ್ದು ಆ ಲಿಫ್ಟಿನಲ್ಲಿ ಏನೂ ಉಳಿದಿಲ್ಲ. ಆದರೆ ನಾನು ಹತ್ತುವ ಮುಂಚೆ ತಿಳಿಯಬೇಕಾದದ್ದು ಹತ್ತಿ ಸಿಕ್ಕಿಕೊಂಡ ಮೇಲೆ ತಿಳಿಯಿತು. ಈ ಅಕ್ಕ ನನಗೆ ಒಂದು ಪ್ರಶ್ನೆ ಕೇಳಿದ್ದರು: ನೋಡಿದವರು ಏನು ಮಾಡಬೇಕು? ಅದೇ ಪ್ರಶ್ನೆಯನ್ನು ಅವರಿಗೆ ಕೇಳುತ್ತಿದ್ದೇನೆ. ವಾಪಸ್.’

“ಒಪ್ಪಿದೆ ಅಂತ ಬರೀಬೇಕು ಅಂತಲೇ ಹೋಗಿದ್ದೆ ಅಕ್ಕ,” ಎಂದ ಅವನು, ಡಬ್ಬಿಯನ್ನೇ ನೋಡುತ್ತ. “ಕೈ ಬರಲಿಲ್ಲ.”

“ಬರೆದಿದ್ರೆ ನಿನ್ನ ಕಿವಿ ಹಿಂಡ್ತಿದ್ದೆ,” ಎಂದಳು ಅವಳು. ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು. “ಇದೇನೋ ಇದು, ಒಂದು ಪುಟ ತುಂಬ ಬರೆದಿದೀಯ! ಅರ್ಧಸಾಲು ಅನ್ನೋ ಹೆಸರು ಹೋಯ್ತು ನಿನಗೆ.”

“ಸಿಕ್ಕಿಹಾಕ್ಕೊಂಡ್ರೆ ಎಲ್ಲರೂ ಬರೀತಾರೆ.”

ಅವಳು ಕೂತು ಬರೆಯತೊಡಗಿದಳು. ಬಿರುಕು, ಫ್ಯಾನು, ರಬ್ಬರು ಎಲ್ಲ ಹಿಂದಕ್ಕೆ ಹೋದವು. ಹುಳವನ್ನು ಬಿಡುವುದೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ನಿಟ್ಟುಸಿರುಬಿಟ್ಟು ಹೊಡೆದುಹಾಕಿದಳು. ‘ಭಾಸವಾಗಿದ್ದು’ ಎಂಬಲ್ಲಿ ಪೆನ್ನು ತಡೆಯಿತು. ಬೆರಳಗಲ ಸರಿದ ಬಾಗಿಲನ್ನು ತಾನೇ ಎಳೆದು ನೋಡಿದ್ದಳಲ್ಲ, ಭಾಸವೆಲ್ಲಿಂದ ಬಂತು? ಆ ಪದವನ್ನೂ ಹೊಡೆದಳು. ಹೊಡೆದಾಗ ಏಣಿಯಿಂದ ಕಾಲು ತೆಗೆದ ಹಾಗಾಯಿತು. ಆದರೆ ಬೀಳಲಿಲ್ಲ.

ಕಚೇರಿಯವರು ಕಿಟಕಿ ಹಾಕಲು ಶುರುಮಾಡಿದಾಗ ಅರ್ಧಸಾಲು ಹೊಸ ವರದಿ ಹಿಡಿದು ಓಡಿದ. ಲಿಫ್ಟನ್ನು ಕೆಳಗೆ ತಂದು ನಿಲ್ಲಿಸಿದ್ದರೂ ಬೀಗವನ್ನು ಇನ್ನೂ ಸರಿಮಾಡಿರಲಿಲ್ಲ, ಇನ್ನೊಮ್ಮೆ ಓದುವವನಿಗೆ ಇರಲಿ ಎಂದು ಮೇಡಂ ಬೇಡವೆಂದಿದ್ದರು. ಅವಳು ಫೋನನ್ನು ಎದುರಿಗಿಟ್ಟುಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಮೇಡಂ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಾಕುವ ಆತುರ ಅವರಿಗೇನೂ ಇದ್ದಂತಿರಲಿಲ್ಲ.

ಫೋನ್ ಬಂತು.

“ಮಾತಾಡಬೇಡಿ ಅಕ್ಕ,” ಎಂದ. ಜೋರಾಗಿ ಏದುಸಿರು ಬಿಡುತ್ತಿದ್ದ. “ನೆಲಮಹಡಿಯಲ್ಲಿ ನಿಂತು ಮೊದಲ ಸಾಲು ಓದ್ದೆ. ‘ಈ ಲಿಫ್ಟ್ ಹತ್ತಬೇಡಿ, ನಾಲ್ಕನೇ ಮಹಡಿಯ ಬಾಗಿಲಿನ ಬೀಗ ಸಡಿಲವಾಗಿದೆ, ಮೆಟ್ಟಿಲಿನಲ್ಲಿ ಹೋಗಿ ನೋಡಿ.’ ಲಿಫ್ಟಿನ ಬಾಗಿಲು ತೆರೆದೇ ಇತ್ತು, ಬಾ ಬಾ ಅಂತ ಕರೀತಿತ್ತು. ಹತ್ತಲಿಲ್ಲ. ಮೆಟ್ಟಿಲು ಹತ್ತಿ ನಾಲ್ಕನೇ ಮಹಡಿಗೆ ಬಂದಿದೀನಿ, ಬಾಗಿಲು ಎಳೀತಿದೀನಿ. ಸರೀತು. ಪುಟ ತಿರುಗಿಸಲೇ ಇಲ್ಲ ಅಕ್ಕ. ಒಪ್ಪಿದೆ. ಇನ್ನು ಬೇಕಾದ್ರೆ ಮಾತಾಡಿ.”

ಇಡೀ ದಿನ ಬಾಯಿ ಬಿಗಿಹಿಡಿದಿದ್ದವಳು, “ನಿಧಾನವಾಗಿ ಇಳಿದು ಬಾರೋ,” ಎಂದಷ್ಟೇ ಅಂದಳು. ಹೊರಡುವಾಗ ಕರವಸ್ತ್ರ ಬಿಚ್ಚಿದರೆ ಅಂದಿನ ಬಿಸ್ಕತ್ತು ಪುಡಿಪುಡಿಯಾಗಿತ್ತು. ಹಾಗೇ ಬಾಯಿಗೆ ಹಾಕಿಕೊಂಡಳು.

ಮನೆಗೆ ಬಂದಾಗ ಗಂಡ ತರಕಾರಿ ಹೆಚ್ಚುತ್ತಿದ್ದ, ಮಗಳು ಕದ್ದು ತಿನ್ನುತ್ತಿದ್ದಳು. ಅವಳು ಚಪ್ಪಲಿ ಬಿಡುವ ಮುಂಚೆಯೇ ಬಾಗಿಲಲ್ಲಿ ನಿಂತು ಹೇಳಿದಳು:

“ಪಾಸಾಯ್ತು.”

ಗಂಡನ ಚಾಕು ನಿಂತಿತು. ಮಗಳು ಅಗಿಯುವುದನ್ನು ನಿಲ್ಲಿಸಿದಳು. ಇಬ್ಬರೂ ಕಾದರು.

“ಅಷ್ಟೇನಾ?” ಎಂದ ಗಂಡ, ಯಾರೋ ತನಗೆ ಅನ್ಯಾಯ ಮಾಡಿದಂತೆ. “ಹೇಗಾಯ್ತು? ಯಾರು ಏನಂದ್ರು? ಮೇಡಂ ನಕ್ಕರಾ ಇಲ್ವಾ? ಏನೇ ಇದು, ತಂತಿ ಕೊಟ್ಟ ಹಾಗೆ!”

“ಅಮ್ಮ, ಮೊದಲಿಂದ ಹೇಳಮ್ಮ,” ಎಂದಳು ಮಗಳು, ಕುರ್ಚಿ ಎಳೆದು ಕೊಡುತ್ತ.

ಅವಳು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಗಂಡ ಒಲೆ ಸಣ್ಣ ಮಾಡಿದ.

“ಬೆಳಗ್ಗೆ ಮನೆಯಿಂದ ಹೊರಟಾಗ ಕೆಳಗಿನ ಗೇಟಿನ ಚಿಲಕ ಸರಿಯಾಗಿ ಬೀಳ್ತಿರಲಿಲ್ಲ,” ಎಂದು ಅವಳು ಶುರುಮಾಡಿದಳು. “ಯಾರೂ ಎಣ್ಣೆ ಹಾಕಿಲ್ಲ ಅನ್ಸತ್ತೆ. ಇರಬಹುದು...”