ಲಾಗ್ ಫೈಲ್ ಇಟ್ಟ ಜಾಗ

"ನನ್ ಮಗಳ ಅರ್ಜಿ ತೆಗೆದ್ಹಾಕ್ರಿ ಸಾರ್. ಅವ್ಳು ಓದೋದು ಬ್ಯಾಡ," ಎಂದ ಗೋವಿಂದಪ್ಪ, ಕುರ್ಚಿಯಿದ್ದರೂ ಕೂರದೆ.

ನಿರಂಜನ್ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. ಚಿತ್ರದುರ್ಗದ ಸಂತೆಪೇಟೆಯ ಮಹಡಿ ಮೇಲಿನ ಎರಡು ಕೋಣೆಯೇ ಅವನ ಕಂಪನಿ. ಎರಡು ಸಾವಿರದ ಏಳರ ಆ ವರ್ಷ ಒಂದು ಖಾಸಗಿ ನರ್ಸಿಂಗ್ ಕಾಲೇಜು ಇಂಟರ್‌ನೆಟ್‌ನಲ್ಲೇ ಅರ್ಜಿ ತಗೊಳ್ಳೋಕೆ ಶುರು ಮಾಡಿತ್ತು. ಅದರ ವೆಬ್‌ಸೈಟು ಮಾಡಿಕೊಟ್ಟು, ಬಂದ ಅರ್ಜಿಗಳನ್ನು ನೋಡಿಕೊಳ್ಳುತ್ತಿದ್ದವನು ಇವನು.

"ಅದಕ್ಕೇನ್ರಿ, ನಿಮ್ ಮಗಳು, ನಿಮ್ ಇಷ್ಟ. ಪ್ರಭು, ಇವ್ರದ್ದು ಡಿಲೀಟ್ ಮಾಡಪ್ಪ. ಹೆಸರೇನ್ರಿ?"

"ಮೋನಿಕಾ. ಹೊಳಲ್ಕೆರೆ ಕಡೆಯೋರು."

ಪಕ್ಕದ ಮೇಜಿನ ಪ್ರಭುಲಿಂಗ ಅವಳ ಅರ್ಜಿ ತೆರೆದು, ಬಾಗಿಲಾಚೆ ನೋಡಿದ. ಮೆಟ್ಟಿಲ ಮೇಲೆ ಒಬ್ಬಳು ಹುಡುಗಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಯಾಕಣ್ಣ ಬಿಡಿಸ್ತೀರಾ? ಪಿಯುಸಿಯಲ್ಲಿ ಎಂಬತ್ತೊಂದು ಪರ್ಸೆಂಟ್ ತೆಗೆದವ್ಳೆ."

"ಫೋನ್ ಬರ್ತವೆ ಕಣಪ್ಪ. ಮನೇಲಿರೋದೇ ಒಂದು ಮೊಬೈಲು, ಅದು ನನ್ ಜೇಬಲ್ಲಿರ್ತೈತೆ. ಕುರಿ ಮೇಯಿಸ್ತಾ ಎತ್ತಿದ್ರೆ, ‘ಹಲೋ ಮಾವ, ಮೋನಿಕಾಗೆ ಕೊಡು’ ಅಂತಾನೆ. ಒಬ್ಬ ಅಲ್ಲ, ಇಪ್ಪತ್ತು ಜನ. ಜೂನ್ ಒಂದಕ್ಕಂತೂ ಬೆಳಗ್ಗೆಯಿಂದ ಹ್ಯಾಪಿ ಬರ್ತ್‌ಡೇ! ಹೆತ್ತ ನಂಗೆ ಅವ್ಳು ಹುಟ್ಟಿದ ತಾರೀಕು ಗೊತ್ತಿಲ್ಲ, ಆ ಪೋಲಿಗಳಿಗೆ ಗೊತ್ತೈತೆ. ಇವ್ಳು ಹೇಳ್ದೆ ಹೆಂಗೆ ಗೊತ್ತಾಗ್ತೈತೆ?" ಗೋವಿಂದಪ್ಪನ ದನಿ ಇಳಿಯಿತು. "ಅವ್ಳವ್ವ ಹೊಡೆದ್ಲು. ನಾನೂ ಹೊಡೆದೆ. ನಂಗೊತ್ತಿಲ್ಲ ಅಂತಾಳೆ, ಅದೊಂದೇ ಮಾತು. ಗಂಡು ನೋಡೀವಿ. ಮುಂದಿನ ತಿಂಗ್ಳು ಮದ್ವೆ."

ಆ ಫೋನುಗಳು ಎಲ್ಲಿಂದ ಬರುತ್ತಿವೆ ಅಂತ ಪ್ರಭುಲಿಂಗನಿಗೆ ಹೊಳೆಯಿತು.

ವೆಬ್‌ಸೈಟು ತಾನು ಮಾಡಿದ ಪ್ರತಿ ಕೆಲಸವನ್ನೂ ಒಂದು ಕಡೆ ಬರೆದಿಡುತ್ತದೆ. ಅದಕ್ಕೆ ಲಾಗ್ ಫೈಲ್ ಅಂತಾರೆ. ಅರ್ಜಿ ಹಾಕಿದವಳ ಹೆಸರು, ಊರು, ಹುಟ್ಟಿದ ತಾರೀಕು, ಫೋನ್ ನಂಬರು, ಒಬ್ಬಳಿಗೆ ಒಂದು ಸಾಲು. ಅದು ಹೊರಗಿನವರ ಕಣ್ಣಿಗೆ ಬೀಳದ ಫೋಲ್ಡರಿನಲ್ಲಿರಬೇಕು. ಆದರೆ ಯಜಮಾನ ನಿರಂಜನ್‌ಗೆ ಭಾನುವಾರ ಹೊಸದುರ್ಗದ ಮನೆಯಲ್ಲಿ ಕಾಲು ಚಾಚಿ ಕೂತು, ಪಾಸ್‌ವರ್ಡು ಗೀಸ್‌ವರ್ಡು ಇಲ್ಲದೆ, ಎಷ್ಟು ಅರ್ಜಿ ಬಂದವು ಅಂತ ನೋಡಬೇಕಿತ್ತು. ಅಷ್ಟಕ್ಕೋಸ್ಕರ ಅದನ್ನು ಜನ ನೋಡುವ ಪುಟಗಳ ನಡುವೆಯೇ ಇಟ್ಟಿದ್ದ. ಏಪ್ರಿಲ್‌ನಲ್ಲೇ ಪ್ರಭುಲಿಂಗ ಹೇಳಿದ್ದ, ಇದು ತಪ್ಪು ಸಾರ್, ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಾಯಿಸಿದ್ರೆ ಸಾಕು ಅಂತ.

"ಎಸೆಸೆಲ್ಸಿ ಡುಮ್ಕಿ ಹೊಡೆದೋನು ನಂಗೆ ಇಂಜಿನಿಯರಿಂಗ್ ಹೇಳ್ಕೊಡ್ತೀಯೇನಲೇ?" ಎಂದು ನಿರಂಜನ್ ಬಂದ ಗಿರಾಕಿಗಳ ಮುಂದೆಯೇ ನಕ್ಕಿದ್ದ. ಪ್ರಭುಲಿಂಗ ಸುಮ್ಮನಾಗಿದ್ದ.

"ಅಣ್ಣ, ನಿಮ್ ಮಗಳು ನಿಜವಾಗ್ಲೂ ಹುಟ್ಟಿದ್ದು ಯಾವಾಗ?"

"ದೀಪಾವಳಿ ಆದ್ಮೇಲೆ. ಕುರಿ ಹೊಡ್ಕೊಂಡು ಚನ್ನಗಿರಿ ಕಡೆ ಹೋಗಿದ್ವಿ. ಕೊಯ್ದ ಗದ್ದೇಲಿ ಹುಟ್ಟಿದ್ಲು, ಚಳಿ ಅಂದ್ರೆ ಚಳಿ. ಅವ್ಳಿಗೂ ಗೊತ್ತು, ಊರಿಗೆಲ್ಲ ಗೊತ್ತು."

"ಹಂಗಾದ್ರೆ ಈ ಜೂನ್ ಒಂದು ಎಲ್ಲಿಂದ ಬಂತು?"

ಗೋವಿಂದಪ್ಪ ಕಣ್ಣು ಕಿರಿದು ಮಾಡಿದ. "ಸ್ಕೂಲಿಗೆ ಸೇರಿಸ್ದಾಗ ಮೇಷ್ಟ್ರು ಬರ್ಕೊಂಡ್ರು."

"ನಂದೂ ಜೂನ್ ಒಂದೇ. ನಮ್ ಕ್ಲಾಸಿನ ಅರ್ಧ ಹುಡುಗ್ರದ್ದೂ ಅದೇ. ಅದಿರೋದು ಕಾಗದದಾಗೆ ಅಣ್ಣ, ಅವ್ಳ ಬಾಯಾಗಲ್ಲ. ಆ ಕಾಗದದ ತಾರೀಕು ಅರ್ಜಿಯಾಗೆ ಬಂದಿದ್ದು ಇಲ್ಲಿಗೆ."

"ಪ್ರಭು!" ನಿರಂಜನ್ ಎದ್ದು ನಿಂತ. "ಒಳಗೆ ಬಾ."

ಅವನು ಹೋಗಲಿಲ್ಲ. ಹುಡುಗಿಯ ಹೆಸರು, ಊರು ಹಾಕಿ ಇಂಟರ್‌ನೆಟ್‌ನಲ್ಲಿ ಹುಡುಕಿ, ಮಾನಿಟರನ್ನು ಗೋವಿಂದಪ್ಪನ ಕಡೆ ತಿರುಗಿಸಿದ. "ಅಕ್ಷರ ಬಿಡ್ರಿ, ಅಂಕಿ ಓದ್ರಿ."

ಗೋವಿಂದಪ್ಪ ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಓದಿದ. ಹತ್ತನೆಯದಕ್ಕೆ ಬೆರಳು ತೆಗೆದ. "ಇದು ನನ್ ನಂಬರು. ಇಲ್ಲಿ ಯಾರು ಬರೆದ್ರು?"

"ನಾವೇ. ಲೋಕವೆಲ್ಲ ನೋಡೋ ಜಾಗದಾಗೆ ಇಟ್ವಿ, ಆ ಪೋಲಿಗಳು ಇಲ್ಲಿಂದ್ಲೇ ತಗೊಂಡವ್ರೆ. ನಿಮ್ ಮಗಳದ್ದು ಒಂದೇ ಅಲ್ಲ, ಇನ್ನೂರ ಹನ್ನೆರಡು ಹುಡುಗೀರದ್ದು."

"ಕುಂತ್ಕಳ್ರಿ ಗೋವಿಂದಪ್ನೋರೆ, ಕಾಫಿ ತರಿಸ್ತೀನಿ," ನಿರಂಜನ್ ನಗಲು ನೋಡಿದ. "ಇದೆಲ್ಲ ಟೆಕ್ನಿಕಲ್ ವಿಷಯ, ಇವ್ನಿಗೆ ಅರ್ಥ ಆಗಲ್ಲ. ಫೋನ್ ಮಾಡೋರದ್ದು ತಪ್ಪು, ಫೈಲಿಂದಲ್ಲ." ಆಮೇಲೆ ಹಲ್ಲು ಕಚ್ಚಿ, "ಡಿಲೀಟ್ ಮಾಡಲೇ. ಇಲ್ಲಿ ಏನೂ ಇರ್ಲಿಲ್ಲ, ಅಷ್ಟೇ."

"ಆ ಹುಡುಗಿ ಹೊಡ್ತ ತಿಂದಿದ್ದೂ ಡಿಲೀಟ್ ಆಗ್ತೈತಾ ಸಾರ್?"

ಪ್ರಭುಲಿಂಗ ಮೊದಲು ಪ್ರಿಂಟ್ ಕೊಟ್ಟ. ಆಮೇಲೆ ಸೆಟ್ಟಿಂಗ್ ತೆಗೆದು ಆ ಒಂದು ಸಾಲು ಬದಲಾಯಿಸಿ, ಫೈಲನ್ನು ಒಳಗೆ ಸರಿಸಿದ. ಪ್ರಿಂಟರ್ ಕಿರುಗುಟ್ಟುತ್ತಾ ಎರಡನೇ ಹಾಳೆ ಬಿಡುವಷ್ಟರಲ್ಲಿ ಕೆಲಸ ಮುಗಿದಿತ್ತು. ಇಷ್ಟೇ. ಇಷ್ಟು ಮಾಡೋಕೆ ಮೂರು ತಿಂಗಳು ಬೇಕಾಯಿತು.

"ಆ ಕಾಗದ ಹೊರಗೆ ಹೋದ್ರೆ ನೀನೂ ಹೊರಗೆ," ಎಂದ ನಿರಂಜನ್.

"ಹೋಗ್ತೀನ್ ಬಿಡ್ರಿ," ಎಂದು ಪ್ರಭುಲಿಂಗ ಹಾಳೆಗಳನ್ನು ಬಾಚಿಕೊಂಡು ಎದ್ದ.

ಗೋವಿಂದಪ್ಪ ಬಾಗಿಲಲ್ಲಿ ತಿರುಗಿ ನಿಂತ. "ಅರ್ಜಿ ತೆಗೀಬ್ಯಾಡ್ರಿ," ಎಂದ.

ಹೊರಗೆ ಅವನು ಮಗಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ. ಅವಳ ಮೊಣಕೈ ಹತ್ತಿರ ಇನ್ನೂ ಬಾಸುಂಡೆಯಿತ್ತು. ಅದನ್ನು ನೋಡುತ್ತಾ, "ನಿಂದೇನೂ ತಪ್ಪಿಲ್ವಂತೆ ಕಣವ್ವ," ಎಂದ.

"ನಾನ್ ಹೇಳಿದ್ರೆ ಕೇಳ್ಳಿಲ್ಲ. ಯಾರೋ ಗಂಡ್ಸು ಹೇಳಿದ್ರೆ ಕೇಳ್ತೀಯ," ಎಂದಳು ಮೋನಿಕಾ.

ಅವಳು ಹಿಂದೆಯೇ ಹೊರಬಂದಿದ್ದ ಪ್ರಭುಲಿಂಗನ ಕಡೆ ಕೈ ಚಾಚಿದಳು. "ಕೊಡ್ರಿ ಇಲ್ಲಿ."

ಕೊಟ್ಟ. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು, ಹಾಳೆ ತಿರುಗಿತು, ಮತ್ತೆ ಇಳಿಯಿತು. ಮೂರನೇ ಹಾಳೆಯ ನಡುವೆ ನಿಂತಿತು.

"ಮೇಘಶ್ರೀ," ಎಂದಳು. "ಪಿಯುಸಿ ಹಾಸ್ಟೆಲ್ನಾಗೆ ನನ್ ರೂಮಿನೋಳು. ಹೋದ ವಾರ ದಿಢೀರಂತ ನಿಶ್ಚಿತಾರ್ಥ ಮಾಡಿಬಿಟ್ರು. ಯಾಕೆ ಅಂತ ಕೇಳಿದ್ರೆ ಬರೀ ಅತ್ಲು."

"ಯಾವೂರು?" ಗೋವಿಂದಪ್ಪ ಕೇಳಿದ.

"ಬಾಗೂರು. ಹೊಸದುರ್ಗದ ಹತ್ರ."

ಅವನು ಮೊಣಕಾಲು ಹಿಡಿದು ಎದ್ದ. "ಅವ್ಳಪ್ಪನೂ ಈ ಅಂಕಿ ಓದ್ಲಿ. ಹೊಸದುರ್ಗದ ಬಸ್ಸು ಎಷ್ಟೊತ್ತಿಗಪ್ಪ?"

ಪ್ರಭುಲಿಂಗ ಉತ್ತರ ಹೇಳುವ ಮೊದಲೇ ಮೋನಿಕಾ ಹಾಳೆಗಳನ್ನು ಮಡಚಿ ಎದೆಗೊತ್ತಿಕೊಂಡು ರಸ್ತೆಗೆ ಇಳಿದಾಗಿತ್ತು. ಬಿಸಿಲಲ್ಲಿ ಅವಳು ಹಿಂದಿರುಗಿ ನೋಡದೆ ನಡೆಯುತ್ತಿದ್ದಳು. ಗಂಡಸರಿಬ್ಬರೂ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹಿಂದೆ ಹೋದರು.