ಬಕ್ಕಪ್ಪ ಮಾಸ್ತರರ ಹಿಂದಿನ ಗಾಲಿ

ಶಾಲೆಯಿಂದ ಮನೆಗೆ ಬಂದ ಬಕ್ಕಪ್ಪ ಮಾಸ್ತರರು ಕೈಕಾಲು ತೊಳೆಯುವ ಮುನ್ನವೇ ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚುತ್ತಿದ್ದರು. ಕರಿಕೋಟನ್ನು ಗೂಟಕ್ಕೆ ತೂಗಿ, ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಪಾನಾದಿಂದ ಎರಡೂ ಬದಿಯ ನಟ್ಟು ಸಡಿಲಿಸಿ, ಕ್ಯಾರಿಯರು ಸ್ಟ್ಯಾಂಡುಗಳ ಕಾಲುಗಳನ್ನು ಅಚ್ಚಿನಿಂದ ಬಿಡಿಸಿ, ಗಾಲಿಚಕ್ರದ ಹಲ್ಲಿನ ಮೇಲಿನ ಚೈನನ್ನು ಎರಡು ಬೆರಳಿನಿಂದೆತ್ತಿ, ಗಾಲಿಯನ್ನು ಹೊರಗೆಳೆದು ಗೋಡೆಗೆ ಒರಗಿಸುವರು. ಮುಂಜಾನೆ ಅದೇ ಗಾಲಿಯನ್ನು ಜೋಡಿಸಿ, ನಡುಮಧ್ಯೆ ನಿಂತಿದೆಯೇ ಎಂದು ತಿರುಗಿಸಿ ನೋಡಿ, ನಟ್ಟಿನ ಸುತ್ತುಗಳನ್ನು ‘ಏಕ್, ದೋ, ತೀನ್’ ಎಂದು ಎಣಿಸುತ್ತ ಬಿಗಿಯುವರು. ೧೯೫೬ರಲ್ಲಿ ಬಸವಕಲ್ಯಾಣದಿಂದ ಹುಮನಾಬಾದಿಗೆ ವರ್ಗವಾಗಿ ಬಂದವರು ಗಣಿತವನ್ನು ಕನ್ನಡದಲ್ಲಿ ಕಲಿಸುತ್ತಿದ್ದರೂ, ತಮ್ಮಷ್ಟಕ್ಕೆ ಎಣಿಸುವಾಗ ತಾವು ಕಲಿತ ಉರ್ದುವನ್ನೇ ಹಿಡಿಯುತ್ತಿದ್ದರು.

ಕಳ್ಳರ ಭಯ ಅವರಿಗಿರಲಿಲ್ಲ, ಸೈಕಲ್ಲು ಕೇಳಿ ಬರುವವರ ಭಯವಿತ್ತು. ಎದುರು ಬಂದವರಿಗೆ ದಾರಿ ಬಿಡಲೆಂದು ಗೋಡೆಗೆ ಸವರಿಕೊಂಡೇ ನಡೆಯುತ್ತಿದ್ದ ಆ ಮನುಷ್ಯನ ಕೋಟಿನ ಎಡತೋಳಿಗೆ ಸದಾ ಸುಣ್ಣ ಮೆತ್ತಿರುತ್ತಿತ್ತು. ಕೊಡುವುದಿಲ್ಲ ಎನ್ನಲು ನಾಲಿಗೆ ಏಳದು, ಸುಳ್ಳು ಹೇಳಲು ಮನಸ್ಸು ಒಪ್ಪದು. ಓಣಿಯ ಹಣಮಂತ ಸೈಕಲ್ಲು ಒಯ್ದು ಮೂರು ದಿನ ನಿರ್ಣಾ ಹಳ್ಳಿಯಲ್ಲೇ ಬಿಟ್ಟುಬಂದಿದ್ದ. ಅದೇ ಶಾಲೆಯ ಮಾಸ್ತರನಾದ ನಾನೂ ಒಮ್ಮೆ ಒಯ್ದು ಗಾಲಿಯ ಎರಡು ಕಡ್ಡಿ ಮುರಿದು ತಂದಿದ್ದೆ. ಆಮೇಲೆಯೇ ಈ ಉಪಾಯ ಹುಟ್ಟಿದ್ದು. ಯಾರಾದರೂ ಬಂದರೆ, “ಗಾಲಿ ಬಿಚ್ಚೀನ್ರಿ, ನೀವೇ ನೋಡಾಕತ್ತೀರಲ್ಲ,” ಎಂದು ನಿಜವನ್ನೇ ಹೇಳಿ ಪಾರಾಗುತ್ತಿದ್ದರು.

“ಒಮ್ಮೆ ಕೊಡಂಗಿಲ್ಲ ಅಂದ್ರ ಬಾಯಾಗಿನ ಹಲ್ಲು ಉದುರ್ತಾವೇನ್ರಿ?” ಎಂದು ಹೆಂಡತಿ ಲಲಿತಾಬಾಯಿ ಕುಟುಕುತ್ತಿದ್ದರು.

“ಅವರ ಮಾರಿ ನೋಡಿ ಹ್ಯಾಂಗ ಅನ್ಲಿ?”

ಅರವತ್ತೇಳರ ಬೇಸಿಗೆಯ ಒಂದು ರವಿವಾರ ಮಧ್ಯಾಹ್ನ ನೆರೆಮನೆಯ ದರ್ಜಿ ಇಸ್ಮಾಯಿಲ ಅವರ ಅಂಗಳಕ್ಕೆ ಬಂದ. ತಲೆಕೆಳಗಾಗಿ ನಿಂತ ಸೈಕಲ್ಲನ್ನು ನೋಡಿದ, ಗಳಿಗೆ ನಿಂತ, ಮಾತಿಲ್ಲದೆ ಹೊರಟುಹೋದ. ಕಿಟಕಿಯಿಂದ ಕಂಡ ಮಾಸ್ತರರಿಗೆ ಹಗುರೆನಿಸಿತಂತೆ. ಈ ಮಾತನ್ನು ಅವರೇ ನನಗೆ ಹೇಳಿದ್ದು, ತಲೆ ತಗ್ಗಿಸಿಕೊಂಡು.

ಅರ್ಧ ತಾಸಿನ ಮೇಲೆ ಲಲಿತಾಬಾಯಿ ಇಸ್ಮಾಯಿಲನ ಬಸುರಿ ಹೆಂಡತಿ ರಹೀಮಾಳನ್ನು ನೋಡಿಕೊಂಡು ಅವರ ಮನೆಯಿಂದ ಓಡಿಬಂದರು. “ರಹೀಮಾಗ ಬ್ಯಾನಿ ಸುರು ಆಗ್ಯಾವ್ರಿ! ಸೂಲಗಿತ್ತಿ ಸೂಗಮ್ಮ ಕೊಡಂಬಲದಾಗ ಮಗಳ ಮನ್ಯಾಗ ಅದಾಳ. ಇಸ್ಮಾಯಿಲ ನಡಕೋತ ಹೋಗ್ಯಾನ!”

ಒಂಬತ್ತು ವರ್ಷದಿಂದ ಕಣ್ಣುಮುಚ್ಚಿ ಮಾಡುತ್ತಿದ್ದ ಕೆಲಸವನ್ನು ಅಂದು ಅವರ ಕೈ ಮರೆಯಿತು. ಕ್ಯಾರಿಯರಿನ ಕಾಲುಗಳನ್ನು ಅಚ್ಚಿಗೆ ಹಾಕದೆಯೇ ನಟ್ಟು ಬಿಗಿದರು. ಸೂಗಮ್ಮ ಎಲ್ಲಿ ಕೂರಬೇಕೆಂದು ಹೊಳೆದಾಗ ಮತ್ತೆ ಬಿಚ್ಚಿ ಜೋಡಿಸಿದರು. ದಾರಿಯಲ್ಲಿ ಸಿಕ್ಕ ಇಸ್ಮಾಯಿಲನನ್ನು ಮನೆಗೆ ಹಿಂದಿರುಗಿಸಿ, ಕೊಡಂಬಲದಿಂದ ಸೂಗಮ್ಮನನ್ನು ಕೂರಿಸಿಕೊಂಡು ತುಳಿದೇ ತುಳಿದರು. ರಹೀಮಾ ಉಳಿದಳು. ಕೂಸು ಉಳಿಯಲಿಲ್ಲ. “ಇನ್ನ ತುಸು ಮುಂಚೆ ಕರ್ದಿದ್ರ…” ಎಂದ ಸೂಗಮ್ಮ ಮಾಸ್ತರರ ಮುಖ ನೋಡಿ ಕೈ ತೊಳೆಯಲು ಎದ್ದುಹೋದಳಂತೆ.

ಕೆಲವು ದಿನಗಳ ನಂತರ ಮಾಸ್ತರರು ಇಸ್ಮಾಯಿಲನ ಹೊಲಿಗೆಯಂತ್ರದ ಮುಂದೆ ಹೋಗಿ ನಿಂತರು. ನಾನೂ ಜೊತೆಗಿದ್ದೆ.

“ಯಾಕ ಕೇಳ್ಲಿಲ್ಲೋ ಇಸ್ಮಾಯಿಲ?”

“ಗಾಲಿ ಬಿಚ್ಚಿತ್ತಲ್ರಿ ಮಾಸ್ತರ್. ಬಿಚ್ಚಿದ್ರ ನಿಮಗ ಕೊಡೋ ಮನಸಿಲ್ಲ ಅಂತ ಓಣಿಗೆಲ್ಲ ಗೊತ್ತದ. ಕೇಳಿ ನಿಮಗ್ಯಾಕ ಸಂಕಟ ಮಾಡ್ಲಿ ಅಂತ ಹೋದೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಾಸ್ತರರು ಬದುಕಿಕೊಳ್ಳುತ್ತಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ.

ಆಮೇಲೆ ಪಂಕ್ಚರಾದಾಗ ಹೊರತು ಅವರು ಗಾಲಿ ಬಿಚ್ಚಲಿಲ್ಲ. ಕೇಳಬಂದವರಿಗೆ ಮೊದಲು “ಯಾತಕ್ಕ ಬೇಕ್ರಿ?” ಎನ್ನುವರು, ಕಾರಣ ಸಣ್ಣದಾದರೆ ಕಿವಿ ಕೆಂಪಾಗಿ, ಬೆವರಿ, “ಕೊಡಂಗಿಲ್ರಿ” ಎನ್ನುವರು. ಎಂಬತ್ತೊಂದರಲ್ಲಿ ನಿವೃತ್ತರಾಗುವಷ್ಟರಲ್ಲಿ ಊರು ಅವರಿಗೆ ಜಂಬದ ಮಾಸ್ತರನೆಂಬ ಬಿರುದನ್ನೂ ಕೊಟ್ಟಿತ್ತು.

ಪರರ ಮನ ನೋಯಿಸಲಾರದ ಸಜ್ಜನರನ್ನು ಕಂಡರೆ ನಮಗೆಲ್ಲ ಅಕ್ಕರೆ. ನನಗೆ ಅವರ ಬಗ್ಗೆ ಸ್ವಲ್ಪ ಅಂಜಿಕೆಯೂ ಇದೆ. ಕೊಡಲಾರೆನೆಂದು ಬಾಯಿಬಿಟ್ಟು ಹೇಳುವವನ ಮುಂದೆ ಕೈಮುಗಿಯಬಹುದು, ಅಳಬಹುದು, ಜಗಳವನ್ನಾದರೂ ಆಡಬಹುದು. ಈ ಮೃದುಹೃದಯಿಗಳ ಅಂಗಳದಿಂದ ಮಾತ್ರ ಜನ ತಮ್ಮ ಕಷ್ಟವನ್ನು ಕೇಳದೆಯೇ ಹಿಂದಿರುಗುತ್ತಾರೆ, ಅದೂ ಅವರ ಮೇಲಿನ ಪ್ರೀತಿಯಿಂದ.